ಕೋಲಿಗಂಟಿದ ಮುದ್ದೆ ಮತ್ತು ಕೆರೆಯೊಳಗಿನದು

ಮುದ್ದೆಗಳನ್ನೆಲ್ಲ ಕಟ್ಟಿ ಮುಗಿಸಿದ ಮೇಲೆ ನಮ್ಮತ್ತೆ ಕೋಲಿಗೆ ಅಂಟಿಕೊಂಡ ಹಿಟ್ಟನ್ನು ಒದ್ದೆ ಬೆರಳಿನಿಂದ ಬಳಿದು, ನಿಂಬೆಹಣ್ಣಿನಷ್ಟು ಇನ್ನೊಂದು ಪುಟ್ಟ ಮುದ್ದೆ ಕಟ್ಟುತ್ತಾರೆ. ಅದು ನಾಯಿಗೋ ಕಾಗೆಗೋ, ಹಸಿದು ಬಂದವರಿಗೆ ಸೇರುತ್ತದೆ. ನನ್ನ ಸಾಹಿತ್ಯಜೀವನ ಬುಡಮೇಲಾದದ್ದು ಆ ಮುದ್ದೆಯಿಂದ ಎಂದರೆ ನೀವು ನಂಬಲಿಕ್ಕಿಲ್ಲ.

ನಾನು ಬರೆಯುವುದು ಹೆದರಿಕೆಯ ಕಥೆ. ದೆವ್ವ ಗಿವ್ವ ಅಲ್ಲ ಸ್ವಾಮಿ. ದೆವ್ವಕ್ಕಾದರೂ ನಮ್ಮ ಮೇಲೊಂದು ಸಿಟ್ಟಿರುತ್ತದೆ. ನನ್ನದು ನಕ್ಷತ್ರಗಳಿಗಿಂತ ಹಳೆಯದು, ಹೆಸರಿಲ್ಲದ್ದು, ಭೂಮಿಯ ಮೇಲೆ ಮನುಷ್ಯರಿದ್ದಾರೆಂಬುದೂ ಗೊತ್ತಿಲ್ಲದ್ದು. ಅಂಥದ್ದೊಂದನ್ನು ನಮ್ಮ ಭರಮಸಾಗರದ ಕೆರೆಯ ತಳದಲ್ಲಿ ಮಲಗಿಸಿ ಕಥೆ ಬರೆದೆ. ಪೇಟೆಯ ಗೆಳತಿಯರು ಓದಿ ಚೆನ್ನಾಗಿದೆ ಅಂದರು. ಅಂದರೆ ಯಾರೂ ಹೆದರಲಿಲ್ಲ. ಕುರಿ ಹಿಂದೆ ಕಾಡುಮೇಡು ಅಲೆದು ಬೆಳೆದ ಅತ್ತೆ ಹೆದರಿದರೆ ನಾನು ಕಥೆಗಾರ್ತಿ, ಇಲ್ಲದಿದ್ದರೆ ಬರೆಯುವುದನ್ನೇ ಬಿಡುತ್ತೇನೆ ಎಂದು ಹಟ ಹಿಡಿದು, ಒಲೆಯ ಮುಂದೆ ಕೂತು ಓದಿದೆ.

ಮುದ್ದೆ ತೊಳಸುತ್ತಿದ್ದ ಕೋಲು ನಿಂತಿತು. ಅತ್ತೆಯ ಮುಖ ಸಣ್ಣಗಾಯಿತು. ಗೆದ್ದೆ ಅಂದುಕೊಂಡೆ.

"ಪಾಪ ಕಣೆ," ಅಂದರು. "ಆಗಿನ ಕಾಲದಿಂದ ಒಂದೇ ಬಿದ್ಕಂಡೈತೆ. ಹೆಸರಿಟ್ಟು ಕರೆಯೋರಿಲ್ಲ. ಊಟಕ್ಕೆ ಏನ್ ಮಾಡ್ತೈತೆ?"

ನನಗೆ ಅಳುವೇ ಬಂತು. "ಅತ್ತೆ, ಅದಕ್ಕೆ ಹಸಿವೇ ಇಲ್ಲ! ನಾವು ಅದರ ಲೆಕ್ಕಕ್ಕೇ ಇಲ್ಲ!"

"ಹಸಿವಿಲ್ಲ ಅಂತ ನಿಂಗೇನ್ ಗೊತ್ತು? ಕೇಳಿದ್ಯಾ?"

ನಮ್ಮ ಕಡೆ ಹಾಗೆಯೇ. ಹುತ್ತಕ್ಕೆ ಹಾಲು, ಹೊಲದ ಮೂಲೆಯ ಕಲ್ಲಿಗೆ ಎಡೆ. ಯಾವುದಕ್ಕೆ ಹೆದರಬೇಕೋ ಅದಕ್ಕೆ ಮೊದಲು ಉಣ್ಣಲಿಟ್ಟು ನೆಂಟಸ್ತಿಕೆ ಮಾಡಿಕೊಂಡುಬಿಡುತ್ತಾರೆ. ಮಾರನೆಯ ದಿನದಿಂದ ಪುಟ್ಟ ಮುದ್ದೆ ಮುತ್ತುಗದ ಎಲೆಯೇರಿ ಕೆರೆ ಏರಿಗೆ ಹೊರಟಿತು. ಅಷ್ಟು ದೊಡ್ಡದಕ್ಕೆ ಇಷ್ಟು ಸಾಕಾ ಎಂದು ಕಿಚಾಯಿಸಿದೆ. "ನೆಪ್ಪಿಟ್ಕಂಡ್ರೆ ಸಾಕು," ಅಂದರು.

ಈ ವಾರ ಅತ್ತೆ ಬಾಗೂರಿಗೆ, ಮಗಳ ಮನೆಗೆ ಹೋಗಿದ್ದಾರೆ. ಇವತ್ತು ಬೆಳಗ್ಗೆ ನಾನೇ ಮುದ್ದೆ ಕಟ್ಟಿದೆ, ಕೋಲನ್ನೂ ಬಳಿದೆ. ಬಾಗಿಲಲ್ಲಿ ನಾಯಿ ಬಾಲ ಆಡಿಸಿತು. ಅದಕ್ಕೆ ನನ್ನ ಪಾಲಿನದರಲ್ಲಿ ಮುರಿದು ಹಾಕಿ, ಪುಟ್ಟದನ್ನು ಎಲೆಯ ಮೇಲಿಟ್ಟುಕೊಂಡು ಏರಿಗೆ ನಡೆದೆ. ನಗುವುದಾದರೆ ನಗಿ. ಇಟ್ಟವಳೇ ತಿರುಗಿ ಬರಲಾಗದೆ, "ಅತ್ತೆ ಊರಿಗೆ ಹೋಗವ್ರೆ, ಇದು ನಾನ್ ಕಟ್ಟಿದ್ದು, ಒಸಿ ಗಂಟಾಗೈತೆ, ಬೇಜಾರ್ ಮಾಡ್ಕಬ್ಯಾಡ" ಎಂದು ನೀರಿಗೆ ಹೇಳಿದೆ.

ಮನೆಗೆ ಬಂದು, ಹೆಸರಿಲ್ಲದ್ದು ಎಂದು ಬರೆದ ಕಡೆಯೆಲ್ಲ ಹೊಡೆದುಹಾಕಿ, ಏನೆಂದು ಕರೆಯಲಿ ಎಂದು ಅತ್ತೆಗೆ ಫೋನು ಮಾಡಿದೆ.

"ಹೆಸರು ಆಮೇಲೆ. ಮುದ್ದೆ ಇಟ್ಟು ಬಂದ್ಯೋ ಇಲ್ವೋ?"

ಬಂದೆ ಎಂದೆ. ನನ್ನ ದನಿ ನಡುಗಿತು. ಆ ಕಥೆಗೆ ಕೊನೆಗೂ ಒಬ್ಬಳು ಹೆದರಿದ್ದಳು.