ಗಂಧ ಹಚ್ಚಿಸಿಕೊಂಡ ಸ್ಪೀಡ್ ಕಂಟ್ರೋಲರ್

ಕಳೆದ ಭಾನುವಾರ ಓಮಲೂರಿನ ಹತ್ತಿರ, ಜವ್ವರಿಸಿ, ಅಂದರೆ ಸಾಬಕ್ಕಿ ಮಾಡುವ ಮಿಲ್ಲೊಂದರ ಅಂಗಳದಲ್ಲಿ ನನ್ನ ಹೆಂಡತಿಯ ಕಾರು ನಡುದಾರಿಯಲ್ಲೇ ನಿಂತುಬಿಟ್ಟಿತು. ಗಾಬರಿ ಬೇಡ. ಕಾರು ಮೊಳದುದ್ದದ್ದು, ರಿಮೋಟಿನಲ್ಲಿ ಓಡುವಂಥದ್ದು.

ಸುಗುಣ ಸೇಲಂನ ಪಾಲಿಟೆಕ್ನಿಕ್ ಒಂದರಲ್ಲಿ ಎಲೆಕ್ಟ್ರಿಕಲ್ ಪಾಠ ಮಾಡುತ್ತಾಳೆ. ವಾರವಿಡೀ ಟೌನ್ ಬಸ್ಸು, ಪಾಠ, ಅಡುಗೆ, ನನ್ನ ಅಮ್ಮನ ಮಂಡಿಗೆ ಎಣ್ಣೆ ತಿಕ್ಕುವುದು. ಭಾನುವಾರ ಮಿಲ್ಲಿಗೆ ರಜೆ. ಸಾಬಕ್ಕಿ ಒಣಗಿಸುವ ಸಿಮೆಂಟಿನ ಅಂಗಳ ಖಾಲಿ ಇರುತ್ತದೆ. ಇವಳಂಥ ಕೆಲವರು ಸೇರಿ ಅಲ್ಲಿ ಕಾರು ಓಡಿಸುತ್ತಾರೆ, ಆಗಾಗ ರೇಸೂ ಇಡುತ್ತಾರೆ.

ಅಮ್ಮನಿಗೆ ಇದು ಹಿಡಿಸದು. ದಸರಾಗೆ ಮುಂಚೆ ಒಂದು ದಿನ ಹೇಳಿಯೇಬಿಟ್ಟಳು. "ಈ ಸಲ ಗೆದ್ದು ಬಾ. ಇಲ್ಲಾಂದ್ರೆ ಇನ್ಮೇಲೆ ಭಾನ್ವಾರ ಮನೇಲಿರು."

ಸುಗುಣ "ಸರಿ ಅತ್ತೆ" ಅಂದಳು. (ನಾನೇನು ಮಾಡುತ್ತಿದ್ದೆ? ಪೇಪರ್ ಓದುತ್ತಿದ್ದೆ.)

ವಿಚಿತ್ರ ನೋಡಿ, ಮಾತು ಕೊಟ್ಟ ಮೇಲೆ ಅಮ್ಮನಿಗೇ ಸೊಸೆ ಗೆಲ್ಲಲಿ ಅನ್ನಿಸತೊಡಗಿತು. ರೇಸಿಗೆ ಮುಂಚಿನ ಆಯುಧಪೂಜೆಯಲ್ಲಿ ಮಿಕ್ಸಿ, ನನ್ನ ಸ್ಕೂಟರ್ ಎಲ್ಲಕ್ಕೂ ಗಂಧ ಕುಂಕುಮ ಆಯಿತು. ಆಮೇಲೆ ಸುಗುಣ ಅಡುಗೆಮನೆಯಲ್ಲಿದ್ದಾಗ ಅಮ್ಮ ಕಾರಿನ ಮೇಲ್ಮುಚ್ಚಳ ತೆಗೆದು ನನ್ನನ್ನು ಕರೆದಳು.

"ಇದ್ರಾಗೆ ಚೂಡಾಗೋದು ಯಾವ್ದ್ಲಾ?"

ಬಿಸಿಯಾಗುವುದೆಂದರೆ ಸ್ಪೀಡ್ ಕಂಟ್ರೋಲರ್, ಅದನ್ನು ತೋರಿಸಿದೆ. ಬ್ಯಾಟರಿಯ ಕರೆಂಟನ್ನು ಮೋಟಾರಿಗೆ ಅಳೆದು ಕೊಡುವ ಪುಟ್ಟ ಡಬ್ಬಿ ಅದು. ಕಾರು ಜೋರಾಗಿ ಓಡಿದಷ್ಟೂ ಕಾಯುತ್ತದೆ. ಆ ಕಾವು ಗಾಳಿಗೆ ಹೋಗಲೆಂದು ಬೆನ್ನ ಮೇಲೆ ಲೋಹದ ಹಲ್ಲುಗಳು, ಅದರ ಮೇಲೊಂದು ಚಿಕ್ಕ ಫ್ಯಾನು. ತೀರಾ ಕಾದರೆ ತಾನೇ ಆಫ್ ಆಗುತ್ತದೆ.

ಅಮ್ಮ ಆ ಹಲ್ಲುಗಳ ಸಂದಿಗೆಲ್ಲ ಗಂಧ ಮೆತ್ತಿದಳು. ಫ್ಯಾನಿಗೆ ಸೇವಂತಿಗೆ ಸಿಕ್ಕಿಸಿದಳು. ನಾನು ಕೈ ಮುಗಿದೆ.

ಭಾನುವಾರ ಅಮ್ಮನೂ ರೇಸ್ ನೋಡಲು ಬಂದಳು, ಮೊದಲ ಸಲ. ಬ್ಯಾಟರಿ ಸಿಕ್ಕಿಸಲು ಮುಚ್ಚಳ ತೆಗೆದ ಸುಗುಣ ಗಂಧ ನೋಡಿದಳು. ಒಣಗಿ ಕಲ್ಲಾಗಿತ್ತು. ಪಕ್ಕದಲ್ಲೇ ಅತ್ತೆ ನಗುತ್ತ ನಿಂತಿದ್ದಾಳೆ. ಪೂಜೆಯ ಗಂಧವನ್ನು ಅವಳೆದುರೇ ಕೆರೆದು ತೆಗೆಯುವುದುಂಟೇ? ಹೂವು ಮಾತ್ರ ತೆಗೆದು ಕಣ್ಣಿಗೊತ್ತಿಕೊಂಡು ಮುಡಿದಳು.

ಮೆಲ್ಲಗೇ ಓಡಿಸಿದಳು. ಅವಳಿಗೆ ಗೊತ್ತಿತ್ತಲ್ಲ. ಕೊನೆಯ ಸುತ್ತಿನಲ್ಲಿ ಮುಂದಿನ ಕಾರು ಕೈಗೆಟುಕುವಷ್ಟು ಹತ್ತಿರವಿತ್ತು. ಆಗ ಪೂರ್ತಿ ವೇಗ ಕೊಟ್ಟಳು. ಕೆಳಗೆ ಸಿಮೆಂಟು ಸುಡುತ್ತಿತ್ತು. ಕಾರು ನಿಂತಿತು.

ವಾಪಸ್ ಬರುವಾಗ "ಬ್ಯಾಟರಿ ಸರಿ ಇರ್ಲಿಲ್ಲ ಅತ್ತೆ" ಅಂದಳು. ನನಗೆ ತಡೆಯಲಾಗಲಿಲ್ಲ. ಮನೆಗೆ ಬಂದು ಅಮ್ಮನಿಗೆ ಇದ್ದದ್ದು ಇದ್ದಂತೆ ಹೇಳಿದೆ. ಗಾಳಿ ಆಡುವ ಜಾಗ ಮುಚ್ಚಿಹೋಗಿತ್ತು, ಅದಕ್ಕೇ ನಿಂತಿತು ಅಂತ.

ಅಮ್ಮ ಕಾರಿನ ಮುಚ್ಚಳ ತೆಗೆದು ಆ ಗಂಧ ಮುಟ್ಟಿ ನೋಡಿದಳು. "ಗಂಧ ತಂಪಲ್ವಾ?" ಅಂದಳು. "ಚೂಡು ಇಳೀಲಿ ಅಂತಾನೇ ದಪ್ಪಕ್ಕೆ ಅಚ್ಚಿದ್ದು."

ಹಣೆಗೆ ತಂಪಾದದ್ದು ಕಂಟ್ರೋಲರಿಗೆ ಕಂಬಳಿಯಾಗುತ್ತದೆ ಎಂದು ಅವಳಿಗೆ ಯಾರು ಹೇಳಿದ್ದರು? ಅವಳ ಮೇಲೆ ಸಿಟ್ಟೂ ಬರಲಿಲ್ಲ. ಸಾಕಾಗಿತ್ತು, ಅಷ್ಟೇ.

ಕೊನೆಗೆ ಅಮ್ಮನೇ ಸೊಸೆಯನ್ನು ಕೇಳಿದಳು. "ಅಂಗಾರೆ ಇನ್ನೊಂದ್ಸಲ ಓಗು. ಗಂಧ ಆಕಲ್ಲ. ಗೆಲ್ತೀಯಾ?"

ಸುಗುಣ ಉದ್ದಿನಬೇಳೆ ತೊಳೆಯುತ್ತಿದ್ದಳು. ತಲೆ ಎತ್ತಲಿಲ್ಲ. "ಗೆಲ್ಲೋಕೆ ಓಗ್ತಿರ್ಲಿಲ್ಲ ಅತ್ತೆ. ಅಲ್ಲಿದ್ದಷ್ಟೊತ್ತು ನನ್ನ ಯಾರೂ ಕರೀತಿರ್ಲಿಲ್ಲ."

ಅಮ್ಮ ನನ್ನ ಮುಖ ನೋಡಿದಳು. ನಾನು ನಿಮ್ಮನ್ನು ಕೇಳುತ್ತೇನೆ: ಒಂದು ಬೆಳಗ್ಗೆ ಯಾರೂ ಕರೆಯದೆ ಇರಬೇಕಾದರೆ ನಿಮ್ಮ ಮನೆಯ ಹೆಂಗಸು ಏನನ್ನು ಗೆದ್ದು ಬರಬೇಕು?