ನಕ್ಷೆಯಲ್ಲಿ ಸಿಕ್ಕಿದ ದಣಪೆ

ಈ ಬೆಳಿಗ್ಗೆ ಮೊಬೈಲಿಗೆ ಒಂದು ನಕ್ಷೆ ಬಂತು. ನಕ್ಷೆ ಅಂದರೆ ಈಗಲೂ ನನಗೆ ಎದೆ ಢವಢವ. ಯಾರು ಎಲ್ಲಿ ಗೆರೆ ಎಳೆದರೂ ಅದು ನನ್ನ ಗದ್ದೆಯೊಳಗೇ ಹಾದಿದೆ ಎಂದು ನಂಬುವ ಜಾತಿ ನಾನು. ನಗಬೇಡಿ, ನಿಮ್ಮ ಮನೆಯಲ್ಲೂ ಅಂಥವರೊಬ್ಬರು ಇದ್ದೇ ಇರುತ್ತಾರೆ.

ಎರಡು ವರ್ಷದ ಹಿಂದೆ ಪಹಣಿ ಜೆರಾಕ್ಸ್ ಮಾಡಿಸಲು ಕೊಪ್ಪಕ್ಕೆ ಹೋಗಿದ್ದೆ. ಅಂಗಡಿಯ ಪ್ರಿಂಟರಿನಿಂದ ಬಣ್ಣದ ಹಾಳೆಯೊಂದು ಬಿಸಿಬಿಸಿಯಾಗಿ ಹೊರಬಂತು. ಹಳ್ಳದ ತಿರುವು, ಅವಳಿ ಬುಡದ ಹಲಸು, ಬೋಳುಗುಡ್ಡ. ಅಯ್ಯೋ, ಇದು ಕಡಹಿನಬೈಲಿನ ನಮ್ಮ ಜಾಗವೇ! ನನ್ನ ಗದ್ದೆಯ ಮೇಲೆ ಚುಕ್ಕಿಚುಕ್ಕಿಯ ದಾರಿ ಬೇರೆ.

“ಯಾರದ್ದು ಇದು?”

“ನಿಮ್ಮ ತಮ್ಮನ ಮಗಳದ್ದೇ ಮಾರಾಯ್ರೆ. ಶೃಂಗೇರಿ ಕಾಲೇಜಿಂದ ಕಳ್ಸಿದ್ದಾಳೆ. ಅಪ್ಪ ಬಂದು ತಗೊಳ್ತಾರಂತೆ” ಎಂದ ಅಂಗಡಿಯವ.

ಅಪ್ಪ! ನನಗೆ ಎಲ್ಲವೂ ಅರ್ಥವಾಯಿತು. ನನ್ನ ಮನೆಗೂ ತಮ್ಮನ ಮನೆಗೂ ನಡುವೆ ಬೇಲಿ, ಬೇಲಿಯಲ್ಲಿ ಬಿದಿರ ಗಳು ಸರಿಸಿ ದಾಟುವ ದಣಪೆ. ಅವನ ಹಸು ನನ್ನ ಸಸಿಮಡಿ ಮೇಯ್ದ ದಿನ, ಗಳು ಸರಿಸಿಟ್ಟವನು ಅವನೇ, ಅದೂ ಬೇಕೆಂದೇ, ಎಂದು ತೀರ್ಮಾನಿಸಿ ದಣಪೆಗೆ ಮುಳ್ಳು ಹೇರಿಸಿದ್ದೆ. ಮಾತೂ ಅಂದೇ ನಿಂತಿತ್ತು. ನಾಲ್ಕು ವರ್ಷವಾದ ಮೇಲೆ ಈಗ ದಾರಿ ಬಿಡಿಸಿಕೊಳ್ಳಲು ಮಗಳ ಕೈಯಲ್ಲಿ ನಕ್ಷೆ ಬರೆಸುತ್ತಿದ್ದಾನೆ! ಒಂದು ಪ್ರತಿ ತೆಗೆಸಿಕೊಂಡು ನೇರ ನರಸಿಂಹರಾಜಪುರದ ಬಸ್ಸು ಹತ್ತಿದೆ. ಅಲ್ಲಿರುವ ನನ್ನ ಗೆಳೆಯ, ನಿವೃತ್ತ ಸರ್ವೇಯರ್, ಕನ್ನಡಕ ಏರಿಸಿ ನೋಡಿದ.

“ಎಂತ ಮಾರಾಯ, ಗುಡ್ಡದ ಮೇಲೆ ರೆಕ್ಕೆ ಇರೋ ಹಾವು ಕೂತಿದೆ. ಇದಕ್ಕೆ ಯಾವ ತಹಸೀಲ್ದಾರ್ ಸಹಿ ಹಾಕ್ತಾನೆ?”

“ಅದು ನಮ್ಮ ಕಣ್ಣಿಗೆ ಮಣ್ಣೆರಚೋಕೆ ಹಾಕಿದ್ದು” ಎಂದೆ. ಎಂಥ ಬುದ್ಧಿವಂತ ನಾನು, ನೋಡಿ.

ಭಾನುವಾರ ಹುಡುಗಿ ಊರಿಗೆ ಬಂದಾಗ, ದಣಪೆಗೆ ಮುಳ್ಳು ಹಾಕಿದವನು ನಾನೇ ಆದ್ದರಿಂದ, ಟಾರುರಸ್ತೆ ಸುತ್ತಿ ತಮ್ಮನ ಮನೆಗೆ ಹೋದೆ. ನನ್ನನ್ನು ಕಂಡು ತಮ್ಮ ಜಗಲಿಯಿಂದೆದ್ದು ಒಳಗೆ ನಡೆದ. ಹುಡುಗಿಯ ಮುಂದೆ ನಕ್ಷೆ ಹಿಡಿದು ಏನಿದು ಎಂದೆ. ಅವಳು ಲ್ಯಾಪ್‌ಟಾಪ್ ತೆರೆದಳು. ಗೆಳತಿಯರೆಲ್ಲ ಒಂದೊಂದು ಪಾತ್ರವಾಗಿ, ಕಥೆ ಕಟ್ಟುತ್ತಾ ಆಡುವ ಆಟವಂತೆ. ಅದಕ್ಕೊಂದು ಇಲ್ಲದ ದೇಶ ಬೇಕಂತೆ. ನಕ್ಷೆ ಬರೆಯುವ ವೆಬ್‌ಸೈಟೊಂದನ್ನು ತೋರಿಸಿದಳು. ಅದರಲ್ಲಿ ಒತ್ತಿದಲ್ಲಿ ಗುಡ್ಡ ಏಳುತ್ತಿತ್ತು, ಎಳೆದಲ್ಲಿ ಹೊಳೆ ಹರಿಯುತ್ತಿತ್ತು, ಯಾವ ಕಚೇರಿಯ ಅಪ್ಪಣೆಯೂ ಇಲ್ಲದೆ!

“ಇಲ್ಲದ ದೇಶಕ್ಕೆ ನನ್ನ ಗದ್ದೆ ಯಾಕೆ?”

“ಕಣ್ಮುಚ್ಚಿದ್ರೂ ನಂಗೆ ಬರೋದು ಅದೊಂದೇ ಜಾಗ, ದೊಡ್ಡಪ್ಪ. ಚಿಕ್ಕೋಳಿದ್ದಾಗ ದಿನಾ ನಿಮ್ಮನೆಗೆ ಓಡಿ ಬರ್ತಿದ್ನಲ್ಲ.”

ಅವಳು ಹಿಗ್ಗಿಸಿ ತೋರಿಸಿದಾಗ, ಚುಕ್ಕಿದಾರಿಯ ನಡುವೆ, ಸರಿಯಾಗಿ ದಣಪೆಯ ಜಾಗದಲ್ಲಿ, ಒಬ್ಬ ರಾಕ್ಷಸ ಕೂತಿದ್ದ. ಅವನ ಮೀಸೆ ದಿನಾ ಕನ್ನಡಿಯಲ್ಲಿ ಕಾಣುವಂಥದ್ದು.

“ಇವನನ್ನ ಕೊಲ್ಲೋದು ಹೇಗೆ?” ಎಂದೆ.

“ಕೊಲ್ಲೋ ಹಾಗಿಲ್ಲ. ಕೆಟ್ಟವನಲ್ಲ ಅವ, ಅನುಮಾನದವ. ಯಾರಾದ್ರೂ ಊಟಕ್ಕೆ ಕರೆದ್ರೆ ದಾರಿ ಬಿಡ್ತಾನೆ. ನನ್ನ ಫ್ರೆಂಡ್ಸ್ ಬರೀ ಕತ್ತಿ ಹಿಡ್ಕೊಂಡೇ ಹೋಗ್ತಾರೆ.”

ಆಗ ಒಳಗಿನಿಂದ ತಮ್ಮನ ದನಿ: “ಎಲೆ ಹಾಕಿದೆ ಅಂತ ಅಣ್ಣಂಗೆ ಹೇಳು.”

ಇವರಿಬ್ಬರೂ ಮೊದಲೇ ಮಾತಾಡಿಕೊಂಡಿದ್ದಾರೆ ಎಂಬ ಅನುಮಾನ ಬಂತು. ಬರಲಿ ಎಂದು ಊಟಕ್ಕೆ ಕೂತೆ. ಕಣ್ಣಲ್ಲಿ ನೀರು ಬಂದದ್ದಕ್ಕೆ ಸಾರು ಖಾರ ಎಂದೆ. ಹೊರಡುವಾಗ ಬೇಲಿಯ ಕಡೆಗೇ ನಡೆದೆ. ತಮ್ಮ ಕತ್ತಿ ಹಿಡಿದು ಹಿಂದೆ ಬಂದ. ಒಂದು ಗಳಿಗೆ ತಿರುಗಿ ನೋಡಿದೆ. ಮುಳ್ಳು ಕಡಿಯುವುದಕ್ಕೆ, ಮತ್ತಿನ್ನೇನಕ್ಕೆ?

ಇವತ್ತು ಬಂದದ್ದು ಹೊಸ ನಕ್ಷೆ. ಚುಕ್ಕಿಗಳು ಹೋಗಿ ದಾರಿ ಗಟ್ಟಿ ಗೆರೆಯಾಗಿದೆ. ನನ್ನ ಕಡೆಗೆ ತುಸು ಅಗಲವಾಗಿಲ್ಲ ತಾನೆ ಎಂದು ಬೆರಳಲ್ಲಿ ಹಿಗ್ಗಿಸಿ ನೋಡಿದೆ. ದಣಪೆಯಲ್ಲಿ ಮೀಸೆಯವನೇ ಇಲ್ಲ. ಹುಡುಗಿಗೆ ಫೋನ್ ಮಾಡಿ, ಅವನನ್ನು ಎಲ್ಲಿಗೆ ಕಳಿಸಿದೆ ಎಂದು ಕೇಳಿದೆ.

“ಎಲ್ಲೂ ಕಳ್ಸಿಲ್ಲ ದೊಡ್ಡಪ್ಪ. ಈಗ ನಮ್ಮ ಕಡೆ ಆಡ್ತಾನೆ.”