ಸ್ಕೂಟರಿಗೆ ಉಸಿರು ಕಟ್ಟಿತ್ತು

“ಪೆಟ್ರೋಲ್ ಮುಚ್ಚಳ ಬಿಚ್ಚಪ್ಪ, ಗಾಡಿಗೆ ಉಸಿರು ಕಟ್ಟೈತೆ,” ಎಂದರು ಮಹದೇವಪುರದ ನಮ್ಮ ಬಾಡಿಗೆ ಮನೆಯ ಒಡತಿ ಮುನಿಯಮ್ಮ. ಮಗಳ ಪರೀಕ್ಷೆಗೆ ಇನ್ನು ಅರ್ಧ ಗಂಟೆಯಿತ್ತು. ನನ್ನ ಹಳೆಯ ಸ್ಕೂಟರ್ ಸ್ಟಾರ್ಟ್ ಆಗಿ, ಬೀದಿಯ ತಿರುವಿನವರೆಗೆ ಹೋಗಿ ನಿಂತುಬಿಡುತ್ತಿತ್ತು. ಅಂಗಳಕ್ಕೆ ತಳ್ಳಿಕೊಂಡು ಬಂದು ಹೊಸ ಪ್ಲಗ್ ಹಾಕಿದರೂ ಅದೇ ಕತೆ.

“ಅಜ್ಜಿ, ಇದು ಎಮ್ಮೆಯಲ್ಲ,” ಎಂದು ರೇಗಿದೆ.

“ಎಮ್ಮೆ ಆಗಿದ್ರೆ ನಿನ್ನ ಅತ್ರಕ್ಕೂ ಬಿಡ್ತಿರ್ಲಿಲ್ಲ. ಸೀಮೆಎಣ್ಣೆ ಡಬ್ಬಕ್ಕೆ ಒಂದೇ ತೂತು ಒಡೆದ್ರೆ ಎಣ್ಣೆ ಬೀಳ್ತೈತಾ? ಗಾಳಿ ಓಗಾಕೆ ಇನ್ನೊಂದು ಬ್ಯಾಡ್ವಾ?”

ಬಿಚ್ಚಿದೆ. ಸುಯ್ ಎಂದು ಗಾಳಿ ಒಳನುಗ್ಗಿತು. ಆ ಸದ್ದು ನಿಜಕ್ಕೂ ಕೇಳಿತೋ, ಆಮೇಲೆ ನಾನೇ ಸೇರಿಸಿಕೊಂಡೆನೋ ಖಚಿತವಿಲ್ಲ. ಕೇಳಿತು ಎನ್ನುತ್ತಾಳೆ ಮಗಳು. ಮಳೆನೀರು ಇಳಿಯದಿರಲೆಂದು ಮುಚ್ಚಳದಡಿ ಪ್ಲಾಸ್ಟಿಕ್ ಹಾಳೆ ಬಿಗಿದು, ಗಾಳಿಯ ತೂತನ್ನು ಮುಚ್ಚಿದ್ದವನು ನಾನೇ. ಹಿಂದಿನ ದಿನವಷ್ಟೇ ಮಾಡಿದ್ದು ಮರೆತೇಹೋಗಿತ್ತು. ಹಾಳೆ ಕಿತ್ತೆಸೆದ ಮೇಲೆ ಸ್ಕೂಟರ್ ಎಲ್ಲೂ ನಿಲ್ಲದೆ ಪರೀಕ್ಷಾ ಕೇಂದ್ರ ಮುಟ್ಟಿತು.

ನಿರ್ವಾತದ ಬಗ್ಗೆ ಪುಟಗಟ್ಟಲೆ ಬರೆದು ಎಂಜಿನಿಯರಿಂಗ್ ಪಾಸಾದವನು ನಾನು. ಸ್ಕೂಟರನ್ನು ಒಮ್ಮೆಯೂ ಮುಟ್ಟದ ಮುನಿಯಮ್ಮ ಆ ನಿರ್ವಾತವನ್ನು ನಿಂತಲ್ಲೇ ಕಂಡಿದ್ದರು. ಈಗ ಅವರು ಬಾಯಿ ತೆರೆದರೆ ನಾನು ಸ್ಪ್ಯಾನರ್ ಕೆಳಗಿಡುತ್ತೇನೆ.